ಎಣ್ಣೆಯೂ ಬೇಕು, ಲಿವರ್ ಟಾನಿಕ್ಕೂ ಬೇಕು

ಸಂಜೆ ಏಳರ ಹೊತ್ತಿಗೆ ನಮ್ಮ ಬೀದಿಯ ಮೆಡಿಕಲ್ ಶಾಪಿಗೆ ಬರುವವರಲ್ಲಿ ಒಂದು ಗುಂಪು ಡಾಕ್ಟರ ಚೀಟಿ ತರುವುದಿಲ್ಲ. ಕೌಂಟರ್ ಮೇಲೆ ದುಡ್ಡಿಟ್ಟು ‘ಲಿವರ್‌ದು ಕೊಡಿ’ ಅನ್ನುತ್ತಾರೆ. ಅಂಗಡಿಯವನು ಏನೂ ಕೇಳದೆ ಒಂದು ಡಬ್ಬಿಯನ್ನೋ ಬಾಟಲಿಯನ್ನೋ ಕವರಿಗೆ ಹಾಕಿ ಕೊಡುತ್ತಾನೆ. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ವೈನ್ ಶಾಪು. ಕೆಲವರು ಮೊದಲು ಇಲ್ಲಿಗೆ ಬಂದು ಆಮೇಲೆ ಅಲ್ಲಿಗೆ ಹೋಗುತ್ತಾರೆ, ಕೆಲವರದು ಉಲ್ಟಾ. ನಮ್ಮ ಭಾವ ಮೊದಲನೇ ಗುಂಪಿನವರು. ‘ಮೊದಲು ಬದು ಹಾಕಬೇಕು ಕಣಯ್ಯಾ, ಆಮೇಲೆ ನೀರು ಬಿಡಬೇಕು’ ಅನ್ನೋದು ಅವರ ಲೆಕ್ಕ.

ಬದು ಎಷ್ಟು ಗಟ್ಟಿ ಅಂತ ನೋಡುವ ಮೊದಲು ನೀರು ಎಷ್ಟು ಅಂತ ನೋಡೋಣ.

ಭಾವನ ‘ಜಾಸ್ತಿ ಏನಿಲ್ಲ’ ಅಂದರೆ ಒಂದು ಕ್ವಾರ್ಟರ್, 180 ಎಂ.ಎಲ್. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. ಅಂದರೆ ಆ ಕ್ವಾರ್ಟರ್‌ನಲ್ಲಿ ಇರುವ ಆಲ್ಕೋಹಾಲ್ 77 ಎಂ.ಎಲ್., ತೂಕದಲ್ಲಿ 60 ಗ್ರಾಂ. ಲಿವರ್ ಗಂಟೆಗೆ ಕರಗಿಸಬಲ್ಲದ್ದು ಸುಮಾರು ಏಳರಿಂದ ಹತ್ತು ಗ್ರಾಂ. ರಾತ್ರಿ ಎಂಟಕ್ಕೆ ಗ್ಲಾಸ್ ಕೆಳಗಿಟ್ಟು ಭಾವ ಊಟ ಮಾಡಿ ಮಲಗಿದರೂ ಅವರ ಲಿವರ್ ಬೆಳಗಿನ ಜಾವ ಮೂರು ನಾಲ್ಕರ ತನಕ ಓವರ್‌ಟೈಮ್ ಮಾಡುತ್ತಿರುತ್ತದೆ.

ಇತ್ತ ಕಡೆ ಗಿಡಮೂಲಿಕೆ ಕ್ಯಾಪ್ಸೂಲ್. ಇವುಗಳಲ್ಲಿ ಹೆಚ್ಚು ಹೆಸರಿರುವ ಸಿಲಿಮರಿನ್ ಒಂದು ಮಾತ್ರೆಗೆ 140 ಮಿಲಿಗ್ರಾಂ. ದಿನಕ್ಕೆ ಮೂರು ಅಂದರೆ 420 ಮಿಲಿಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ. ಪೂರ್ತಿ ಹೋಯಿತು ಅಂತಲೇ ಇಟ್ಟುಕೊಂಡರೂ ಒಂದು ಪಾಲು ಮದ್ದಿಗೆ ನೂರನಲವತ್ತು ಪಾಲು ಆಲ್ಕೋಹಾಲ್. ತೂಕ ನೋಡಿ ಔಷಧಿ ಅಳೆಯಬಾರದು ನಿಜ. ಥೈರಾಯ್ಡ್ ಮಾತ್ರೆ ಮೈಕ್ರೋಗ್ರಾಂ ಲೆಕ್ಕದಲ್ಲೇ ಇಡೀ ಮೈಯನ್ನು ನಡೆಸುತ್ತದೆ. ಆದರೆ ‘ಆಂಟಿ-ಆಕ್ಸಿಡೆಂಟ್, ವಿಷವನ್ನು ಹೀರಿಕೊಳ್ಳುತ್ತದೆ’ ಅಂತ ಮಾರುವ ವಸ್ತುವಿಗೆ ಈ ವಿನಾಯಿತಿ ಕೊಡುವುದು ಕಷ್ಟ. ವಿಷವನ್ನು ಎದುರಿಗೆ ನಿಂತು ಹೀರುತ್ತೇನೆ ಅನ್ನುವವರು ತಲೆ ಎಣಿಕೆಯಲ್ಲೂ ಸರಿಸಮ ಇರಬೇಕು, ಅಲ್ವಾ?

ಲಿವರ್ ಒಳಗೆ ಆಗುವುದೇನು

ಆಲ್ಕೋಹಾಲ್ ಲಿವರಿಗೆ ಒಂದೇ ದಾರಿಯಲ್ಲಿ ಏಟು ಕೊಡುವುದಿಲ್ಲ. ಬದುವಿನ ಕಥೆಗೆ ಮೊದಲ ತೊಂದರೆ ಇದು.

ಲಿವರ್ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಸ್ತುವಾಗಿ ಮಾಡುತ್ತದೆ. ಇದು ಆಲ್ಕೋಹಾಲಿಗಿಂತ ದೊಡ್ಡ ವಿಷ, ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಇನ್ನೊಂದು ಎಂಜೈಮ್ ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ಈ ಎರಡು ಕೆಲಸದ ನಡುವೆ ಜೀವಕೋಶದ ಇಂಧನದ ಲೆಕ್ಕ ತಲೆಕೆಳಗಾಗಿ, ಸುಟ್ಟು ಹೋಗಬೇಕಾದ ಕೊಬ್ಬು ಸುಡದೆ ಅಲ್ಲೇ ಕೂರುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬರುವುದು ಇದೇ. ದಿನಾ ಜಾಸ್ತಿ ಕುಡಿಯುವವರಲ್ಲಿ ಶೇ. 90ರಷ್ಟು ಜನಕ್ಕೆ ಇದು ಬರುತ್ತದೆ.

ರೂಢಿಯಾಗಿ ಕುಡಿಯುವವರಲ್ಲಿ ಸಿವೈಪಿ2ಇ1 ಅನ್ನುವ ಮತ್ತೊಂದು ಎಂಜೈಮ್ ಚುರುಕಾಗುತ್ತದೆ. ಅದು ಆಲ್ಕೋಹಾಲನ್ನು ಬೇಗ ಖಾಲಿ ಮಾಡುತ್ತದೆ, ಜೊತೆಗೆ ಕೋಶವನ್ನು ಕೆಡಿಸುವ ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಕಿಡಿಯ ಹಾಗೆ ಹಾರಿಸುತ್ತದೆ. ಕುಡುಕರಿಗೆ ಪ್ಯಾರಸಿಟಮಾಲ್ ಜಾಸ್ತಿ ತಗೋಬೇಡಿ ಅಂತ ಹೇಳುವುದಕ್ಕೂ ಇದೇ ಎಂಜೈಮ್ ಒಂದು ಕಾರಣ.

ಇಷ್ಟಕ್ಕೇ ಮುಗಿಯುವುದಿಲ್ಲ. ಆಲ್ಕೋಹಾಲ್ ಕರುಳಿನ ಗೋಡೆಯನ್ನು ಸಡಿಲ ಮಾಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ಚೂರು ಸೋರಿ ನೇರ ಲಿವರಿಗೆ ಬರುತ್ತದೆ. ಕಾವಲಿಗೆ ಕೂತಿರುವ ರಕ್ಷಣಾ ಕೋಶಗಳು ಕಳ್ಳ ಬಂದ ಅಂತ ಗದ್ದಲ ಎಬ್ಬಿಸುತ್ತವೆ, ಉರಿಯೂತ ಶುರುವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಇನ್ನೊಂದು ಬಗೆಯ ಕೋಶಗಳು ಗಾಯ ಮುಚ್ಚಲು ನಾರು ನೇಯುತ್ತಾ ಹೋಗುತ್ತವೆ. ನಾರು ಜಾಸ್ತಿಯಾಗಿ ಲಿವರ್ ಗಂಟುಗಂಟಾದರೆ ಅದೇ ಸಿರೋಸಿಸ್. ಜಾಸ್ತಿ ಕುಡಿಯುವ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಜನ ಅಲ್ಲಿಗೆ ಮುಟ್ಟುತ್ತಾರೆ. ಆ ಹತ್ತಿಪ್ಪತ್ತು ಜನ ಯಾರು ಅಂತ ಮುಂಚೆ ಹೇಳಲು ಆಗುವುದಿಲ್ಲ. ‘ಅವನು ನಲವತ್ತು ವರ್ಷದಿಂದ ಕುಡೀತಾನೆ, ಏನೂ ಆಗಿಲ್ಲ’ ಅನ್ನುವ ಉದಾಹರಣೆ ಪ್ರತಿ ಊರಲ್ಲೂ ಒಂದು ಸಿಗುವುದು ಇದರಿಂದಲೇ.

ಗಿಡದ ರಾಸಾಯನಿಕಗಳ ಸಂಶೋಧನೆ ಈ ದಾರಿಗಳಲ್ಲಿ ಒಂದನ್ನೋ ಎರಡನ್ನೋ ಮುಚ್ಚಲು ನೋಡುತ್ತದೆ. ಅರಿಶಿನದ ಕರ್ಕ್ಯುಮಿನ್, ಕಟುಕರೋಹಿಣಿ, ನೆಲಬೇವು, ನೆಲನೆಲ್ಲಿ, ಗರಗದ ಸೊಪ್ಪು, ಗ್ರೀನ್ ಟೀ, ದ್ರಾಕ್ಷಿ ಸಿಪ್ಪೆ ಹೀಗೆ ಪಟ್ಟಿ ಉದ್ದ ಇದೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವೆಲ್ಲಾ ಪಾಸು. ಇಲಿಯಲ್ಲೂ ಪಾಸು.

ಇಲಿ ಕುಡುಕನಲ್ಲ

ಇಲಿಯ ಪ್ರಯೋಗ ಹೇಗೆ ಮಾಡುತ್ತಾರೆ ಅಂತ ಒಂದು ಸಲ ತಿಳಿದುಕೊಂಡರೆ, ‘ಲಿವರ್ ರಕ್ಷಿಸುತ್ತದೆ ಎಂದು ಸಂಶೋಧನೆಯಿಂದ ಸಾಬೀತು’ ಅನ್ನುವ ಜಾಹೀರಾತು ಓದುವ ಕಣ್ಣೇ ಬೇರೆಯಾಗುತ್ತದೆ.

ನಮ್ಮ ದೇಶದ ಫಾರ್ಮಸಿ ಕಾಲೇಜುಗಳಿಂದ ಬರುವ ಇಂಥ ಪ್ರಬಂಧಗಳಲ್ಲಿ ಹಳೇ ಪದ್ಧತಿ ಒಂದಿದೆ. ಇಲಿಗಳಿಗೆ ಒಂದು ವಾರ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಚುಚ್ಚುತ್ತಾರೆ. ಇದು ಒಂದು ಕಾಲದಲ್ಲಿ ಬಟ್ಟೆಯ ಡ್ರೈ ಕ್ಲೀನಿಂಗಿಗೆ ಬಳಸುತ್ತಿದ್ದ ರಾಸಾಯನಿಕ. ಒಂದೆರಡು ದಿನ ಬಿಟ್ಟು ರಕ್ತ ತೆಗೆದು, ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ಎಂಜೈಮುಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ನೋಡುತ್ತಾರೆ. ಸಾರ ಕುಡಿದ ಇಲಿಗಳಲ್ಲಿ ಅಂಕಿ ಕಡಿಮೆ ಇರುತ್ತದೆ. ‘ಲಿವರ್ ರಕ್ಷಕ’ ಅಂತ ಪ್ರಬಂಧ ಅಚ್ಚಾಗುತ್ತದೆ.

ಇಲ್ಲೊಂದು ಮರ್ಮ ಇದೆ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಲಿವರಿನ ಸಿವೈಪಿ2ಇ1 ಎಂಜೈಮ್ ಅದನ್ನು ಒಡೆದಾಗಲೇ ಅದು ಘೋರ ವಿಷವಾಗುವುದು. ಹಾಗಾಗಿ ಗಿಡದ ಸಾರ ಆ ಎಂಜೈಮನ್ನು ಸುಮ್ನೆ ಮಂಕು ಮಾಡಿದರೂ ಸಾಕು, ಇಲಿ ಉಳಿದುಬಿಡುತ್ತದೆ. ಅದು ಲಿವರ್ ಕೋಶವನ್ನು ಗಟ್ಟಿ ಮಾಡಿದಂತೆ ಅಲ್ಲ. ಬಾಂಬಿನ ಬತ್ತಿಗೆ ನೀರು ಹಾಕಿದಂತೆ. ಬಾಂಬು ಬೇರೆಯಾದರೆ ಆ ನೀರು ಕೆಲಸಕ್ಕೆ ಬರುವ ಖಾತ್ರಿ ಇಲ್ಲ.

ಆಲ್ಕೋಹಾಲನ್ನೇ ಕೊಟ್ಟು ಪ್ರಯೋಗ ಮಾಡೋಣ ಅಂದರೆ ಇಲಿ ಸುಲಭಕ್ಕೆ ಒಗ್ಗುವುದಿಲ್ಲ. ಅದಕ್ಕೆ ಆಲ್ಕೋಹಾಲಿನ ರುಚಿ ಹಿಡಿಸುವುದಿಲ್ಲ. ಕುಡಿಸಿದರೂ ಮನುಷ್ಯನಿಗಿಂತ ಎಷ್ಟೋ ಬೇಗ ಕರಗಿಸಿಬಿಡುತ್ತದೆ. ಬರೀ ಆಲ್ಕೋಹಾಲಿನಿಂದ ಇಲಿಗೆ ಮನುಷ್ಯನಿಗೆ ಬರುವಂಥ ಸಿರೋಸಿಸ್ ತರಿಸುವುದು ಬಹಳ ಕಷ್ಟ. ಅದಕ್ಕೆ ವಿಜ್ಞಾನಿಗಳು ಬೇರೆ ಆಹಾರವನ್ನೇ ಕೊಡದೆ ಆಲ್ಕೋಹಾಲ್ ಬೆರೆಸಿದ ದ್ರವವನ್ನು ಮಾತ್ರ ಕೊಡುವುದು, ಹತ್ತು ದಿನ ಹಾಗೆ ಕೊಟ್ಟು ಕೊನೆಗೆ ಒಂದು ದೊಡ್ಡ ಡೋಸು ಕುಡಿಸುವುದು, ಇಂಥ ಉಪಾಯ ಮಾಡಿದ್ದಾರೆ. ಹತ್ತು ದಿನದ ಇಲಿಯನ್ನೂ ಇಪ್ಪತ್ತು ವರ್ಷದ ಭಾವನನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಡೋಸಿನ ಮಾತೂ ಇದೆ. ಇಲಿಗೆ ಕೆ.ಜಿ.ಗೆ 200 ಮಿಲಿಗ್ರಾಂ ಕೊಟ್ಟಿದ್ದರೆ, ರೂಢಿಯ ಲೆಕ್ಕದಲ್ಲಿ ಅದನ್ನು ಸುಮಾರು ಆರರಿಂದ ಭಾಗಿಸಿ ಮನುಷ್ಯನ ಡೋಸು ತೆಗೆಯುತ್ತಾರೆ. 60 ಕೆ.ಜಿ. ಮನುಷ್ಯನಿಗೆ ಅದು ದಿನಕ್ಕೆ ಹತ್ತಿರ ಹತ್ತಿರ ಎರಡು ಗ್ರಾಂ. 140 ಮಿಲಿಗ್ರಾಂನ ಮಾತ್ರೆಯಾದರೆ ಹದಿನಾಲ್ಕು. ಬಾಟಲಿ ಮೇಲೆ ಮಾತ್ರ ‘ದಿನಕ್ಕೆ ಎರಡು’ ಅಂತ ಬರೆದಿರುತ್ತದೆ.

ಮನುಷ್ಯರ ಮೇಲೆ ನೋಡಿದಾಗ

ಸಿಲಿಮರಿನ್ ಬರುವುದು ಮಿಲ್ಕ್ ಥಿಸಲ್ ಅನ್ನುವ ಮುಳ್ಳುಗಿಡದ ಬೀಜದಿಂದ. ನೇರಳೆ ಹೂವು, ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಗೆರೆ. ಮೂಲ ಮೆಡಿಟರೇನಿಯನ್ ಕಡೆಯದು. ಸಿರೋಸಿಸ್ ರೋಗಿಗಳ ಮೇಲೆ ಚೆನ್ನಾಗಿ ಪರೀಕ್ಷೆಯಾದ ಗಿಡದ ಔಷಧಿ ಅಂದರೆ ಇದೇ. ಅದಕ್ಕೇ ಇದರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

1989ರಲ್ಲಿ ವಿಯೆನ್ನಾದ ವೈದ್ಯರು 170 ಸಿರೋಸಿಸ್ ರೋಗಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಸಿಲಿಮರಿನ್, ಅರ್ಧ ಜನಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ನಾಲ್ಕು ವರ್ಷದ ನಂತರ ಸಿಲಿಮರಿನ್ ಗುಂಪಿನಲ್ಲಿ ಶೇ. 58 ಜನ ಬದುಕಿದ್ದರು, ಹುಸಿ ಮಾತ್ರೆ ಗುಂಪಿನಲ್ಲಿ ಶೇ. 39. ಕುಡಿತದಿಂದ ಸಿರೋಸಿಸ್ ಬಂದವರಲ್ಲೇ ಲಾಭ ಎದ್ದು ಕಂಡಿತು. ಇದು ಸಣ್ಣ ಸುದ್ದಿಯಲ್ಲ. ಇವತ್ತಿಗೂ ಮಾರಾಟಗಾರರು ತೋರಿಸುವುದು ಈ ಅಂಕಿಯನ್ನೇ.

1998ರಲ್ಲಿ ಸ್ಪೇನಿನ ವೈದ್ಯರು 200 ಜನರನ್ನು ತಗೊಂಡರು. ಎಲ್ಲರೂ ಕುಡಿತದಿಂದ ಸಿರೋಸಿಸ್ ಬಂದವರೇ. ದಿನಕ್ಕೆ 450 ಮಿಲಿಗ್ರಾಂ, ಎರಡು ವರ್ಷ. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಯಿಲೆಯ ಓಟದಲ್ಲೂ ಇಲ್ಲ. 2005ರಲ್ಲಿ, ಔಷಧಿ ಪರೀಕ್ಷೆಗಳನ್ನೆಲ್ಲಾ ಒಟ್ಟು ಸೇರಿಸಿ ತೂಗುವ ಕೊಕ್ರೇನ್ ಸಂಸ್ಥೆಯ ವಿಮರ್ಶೆ, ಕುಡಿತ ಮತ್ತು ಹೆಪಟೈಟಿಸ್ ಬಿ, ಸಿ ರೋಗಿಗಳ ಮೇಲಾದ 13 ಪರೀಕ್ಷೆಗಳ 915 ಜನರ ಲೆಕ್ಕ ಕೂಡಿಸಿತು. ಒಟ್ಟು ಸಾವು ಕಡಿಮೆಯಾಗಿದೆ ಅನ್ನಲು ಆಧಾರ ಸಿಗಲಿಲ್ಲ. ಪರೀಕ್ಷೆಯ ಗುಣಮಟ್ಟ ಒಳ್ಳೆಯದಾದಷ್ಟೂ ಲಾಭ ಕರಗುತ್ತಾ ಹೋಯಿತು. ಗಿಡದ ಔಷಧಿಗಳ ವಿಷಯದಲ್ಲಿ ಈ ರಾಗ ಮತ್ತೆ ಮತ್ತೆ ಕೇಳಿಸುತ್ತದೆ.

ಹಾಗಂತ ಸಿಲಿಮರಿನ್ ಬರೀ ಬುರುಡೆ ಅಂದರೆ ಅದೂ ತಪ್ಪು. ಯುರೋಪಿನಲ್ಲಿ ‘ಡೆತ್ ಕ್ಯಾಪ್’ ಅನ್ನುವ ಅಣಬೆ ತಿಂದು ಲಿವರ್ ಕೆಟ್ಟವರಿಗೆ ಇದರ ಮುಖ್ಯ ಅಂಶ ಸಿಲಿಬಿನಿನ್ ಅನ್ನು ನೇರ ರಕ್ತನಾಳಕ್ಕೆ ಕೊಡುತ್ತಾರೆ. ಅಣಬೆಯ ವಿಷ ಲಿವರ್ ಕೋಶಕ್ಕೆ ನುಗ್ಗುವ ಬಾಗಿಲನ್ನು ಅದು ಹಿಡಿದು ನಿಲ್ಲಿಸುತ್ತದೆ. ಆದರೆ ಆಲ್ಕೋಹಾಲಿಗೆ ಬಾಗಿಲು ಬೇಕಾಗಿಲ್ಲ. ಅದು ಸಣ್ಣ ಅಣು, ಕೋಶದ ಗೋಡೆಯ ಮೂಲಕವೇ ಜಾರಿಕೊಂಡು ಒಳಗೆ ಹೋಗುತ್ತದೆ. ಒಂದು ವಿಷಕ್ಕೆ ಕೆಲಸ ಮಾಡಿದ ಕಾವಲುಗಾರ ಇನ್ನೊಂದಕ್ಕೆ ಬರೀ ಪ್ರೇಕ್ಷಕ.

ನಮ್ಮ ಕಡೆಯ ಔಷಧಿಗೆ ಬಂದರೆ, ಲಿವ್.52 ಹೆಸರು ಕೇಳದವರು ಯಾರೂ ಇಲ್ಲ. 1955ರಿಂದ ಮಾರುಕಟ್ಟೆಯಲ್ಲಿದೆ. ಇದರ ಘಟಕಗಳಲ್ಲಿ ನಾವು ತಂಬುಳಿ ಮಾಡುವ ಗಣಿಕೆ ಸೊಪ್ಪಿನ ಗಿಡವೂ ಇದೆ, ಕಾಫಿಪುಡಿಗೆ ಬೆರೆಸುವ ಚಿಕೋರಿ ಗಿಡವೂ ಇದೆ. ಕಂಪನಿಯ ಬಳಿ ಅಧ್ಯಯನಗಳ ದೊಡ್ಡ ಪಟ್ಟಿಯೇ ಇದೆ. ಶ್ರೀಲಂಕಾದ ವೈದ್ಯರು ಕುಡಿತದಿಂದ ಲಿವರ್ ಕೆಟ್ಟ 80 ಜನರ ಮೇಲೆ ಆರು ತಿಂಗಳು ಹುಸಿ ಮಾತ್ರೆಯ ಎದುರು ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಔಷಧಿಯಿಂದ ತೊಂದರೆಯಾದದ್ದೂ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. 2023ರಲ್ಲಿ ಈ ಜಗಳ ಬೆಂಗಳೂರಿನ ಕೋರ್ಟಿಗೂ ಬಂತು. ಕೇರಳದ ಲಿವರ್ ತಜ್ಞ ಸಿರಿಯಕ್ ಆಬಿ ಫಿಲಿಪ್ಸ್ ಎಕ್ಸ್‌ನಲ್ಲಿ ಬರೆದಿದ್ದರ ವಿರುದ್ಧ ಲಿವ್.52 ತಯಾರಿಸುವ ಹಿಮಾಲಯ ಕಂಪನಿ ದಾವೆ ಹೂಡಿತು. ಸಿವಿಲ್ ಕೋರ್ಟ್ ಆದೇಶದಿಂದ ಅವರ ಖಾತೆ ಮುಚ್ಚಿ, ಆಮೇಲೆ ಹೈಕೋರ್ಟ್ ಷರತ್ತಿನ ಮೇಲೆ ಅದನ್ನು ತೆರೆಸಿತು. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ಉತ್ತರ ಕೋರ್ಟಿನಲ್ಲಿ ಸಿಗುವುದಿಲ್ಲ. ಇನ್ನೂರು, ಮುನ್ನೂರು ರೋಗಿಗಳ ಮೇಲೆ, ಎರಡು ಮೂರು ವರ್ಷ, ಯಾರಿಗೆ ಯಾವ ಮಾತ್ರೆ ಅಂತ ಯಾರಿಗೂ ಗೊತ್ತಿಲ್ಲದ ಹಾಗೆ ಮಾಡುವ ಪರೀಕ್ಷೆಯಲ್ಲಿ ಸಿಗುತ್ತದೆ.

ನೆಲನೆಲ್ಲಿಯದೂ ಇಂಥದ್ದೇ ಕಥೆ. 1988ರಲ್ಲಿ ಚೆನ್ನೈನ ವಿಜ್ಞಾನಿ ತ್ಯಾಗರಾಜನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೆಪಟೈಟಿಸ್ ಬಿ ಬಗ್ಗೆ ಬರೆದರು. ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು, ಹುಸಿ ಔಷಧಿಯ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಪ್ರಪಂಚವೇ ತಿರುಗಿ ನೋಡಿತು. ಥಾಯ್ಲೆಂಡ್ ಮತ್ತಿತರ ಕಡೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ. ಅಂದಹಾಗೆ ಅದು ವೈರಸ್ ಕಥೆ, ಕುಡಿತದ್ದಲ್ಲ. ಲೇಬಲ್ ಬರೆಯುವವರಿಗೆ ಮಾತ್ರ ‘ಲಿವರ್’ ಅನ್ನುವ ಪದ ಒಂದೇ ಸಾಕು.

ಇಂಗ್ಲಿಷ್ ಔಷಧಿಯವರೂ ಇಲ್ಲಿ ಎದೆ ಉಬ್ಬಿಸುವಂತಿಲ್ಲ. ಕುಡಿತದಿಂದ ಬರುವ ತೀವ್ರ ಹೆಪಟೈಟಿಸಿಗೆ ಸ್ಟೀರಾಯ್ಡ್ ಕೊಡುವುದು ಹಳೇ ಪದ್ಧತಿ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದಾಗ, ಮೂರು ತಿಂಗಳ ಕೊನೆಗೆ ಸ್ಟೀರಾಯ್ಡಿನಿಂದ ಲಾಭ ಉಳಿದಿರಲಿಲ್ಲ. ಕುಡಿಯುತ್ತಲೇ ಇರುವವರ ಲಿವರ್ ಕಾಯುವ ಮಾತ್ರೆ ಯಾವ ಪದ್ಧತಿಯಲ್ಲೂ ಇಲ್ಲ.

ಮೆಣಸು ಹಾಕಿದ ಅರಿಶಿನ

ಅರಿಶಿನದ ಕಥೆಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಕರ್ಕ್ಯುಮಿನ್ ತಿಂದರೆ ರಕ್ತಕ್ಕೆ ಸೇರುವುದೇ ಅಲ್ಪ, ಸೇರಿದ್ದನ್ನೂ ಲಿವರ್ ತಕ್ಷಣ ಹೊರಗೆ ಹಾಕುತ್ತದೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2,000ದಷ್ಟು ಏರಿತು. ಇವತ್ತು ಪ್ರಪಂಚದಾದ್ಯಂತ ಅರಿಶಿನದ ಕ್ಯಾಪ್ಸೂಲಿನ ಮೇಲೆ ‘ಕಾಳುಮೆಣಸಿನ ಸಾರ ಸೇರಿದೆ’ ಅಂತ ಬರೆದಿರುವುದರ ಹಿಂದೆ ಆ ಪುಟ್ಟ ಪ್ರಯೋಗ ಇದೆ.

ಪೈಪರಿನ್ ಈ ಕೆಲಸ ಹೇಗೆ ಮಾಡುತ್ತದೆ? ಲಿವರ್ ಮತ್ತು ಕರುಳು ಹೊರಗಿನ ವಸ್ತುಗಳನ್ನು ಕಟ್ಟಿ ಹೊರಗೆ ಹಾಕುವ ವ್ಯವಸ್ಥೆಗೇ ಅಡ್ಡಗಾಲು ಹಾಕುತ್ತದೆ. ಲಿವರ್ ಕಾಪಾಡುವ ಮದ್ದು ಒಳಗೆ ಹೋಗಲಿ ಅಂತ ಲಿವರಿನ ಕಸ ಗುಡಿಸುವವನ ಕೈ ಕಟ್ಟಿದ ಹಾಗೆ.

ಅಮೆರಿಕದಲ್ಲಿ ಔಷಧಿಗಳಿಂದ ಆಗುವ ಲಿವರ್ ತೊಂದರೆ ದಾಖಲಿಸುವ ಜಾಲ ಒಂದಿದೆ. ಅದು 2022ರಲ್ಲಿ ಅರಿಶಿನದ ಪೂರಕಗಳಿಂದ ಲಿವರ್ ಕೆಟ್ಟ ಹತ್ತು ಜನರ ವಿವರ ಕೊಟ್ಟಿತು. ಒಬ್ಬರು ತೀರಿಕೊಂಡಿದ್ದರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ಬಗೆಯ ರೋಗನಿರೋಧಕ ಜೀನ್ ಇತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ, ಆಗುವವರಿಗೆ ಮುಂಚೆ ಗೊತ್ತಾಗುವುದಿಲ್ಲ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು, ಹೆದರಬೇಡಿ. ಶತಮಾನಗಳಿಂದ ಅರಿಶಿನ ನಮಗೆ ತೊಂದರೆ ಕೊಡದೆ ಇದ್ದದ್ದು ಅದು ಮೈಗೆ ಸೇರುತ್ತಿರಲಿಲ್ಲ ಅನ್ನುವ ಕಾರಣಕ್ಕೂ ಇರಬಹುದು. ಆ ‘ಕುಂದನ್ನು’ ಸರಿ ಮಾಡಿದ ಮೇಲೆ ಹಳೇ ಅನುಭವದ ಸರ್ಟಿಫಿಕೇಟ್ ತೋರಿಸುವುದು ಸರಿಯಲ್ಲ.

ಅಮೃತಬಳ್ಳಿಯದು ಇನ್ನೂ ಹತ್ತಿರದ ನೆನಪು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಕಷಾಯ ಕುಡಿದು ಲಿವರ್ ಉರಿಯೂತದಿಂದ ಬಂದ ಆರು ಜನರ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಮುಂದಿನ ವರ್ಷ ದೇಶದ 13 ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಹಲವರಲ್ಲಿ ಮೈಯ ರಕ್ಷಣಾ ವ್ಯವಸ್ಥೆ ತನ್ನ ಲಿವರಿನ ಮೇಲೇ ತಿರುಗಿಬಿದ್ದಿತ್ತು. ಕೋಟಿ ಜನ ಕುಡಿದಿರಬಹುದು, ತೊಂದರೆಯಾದವರು ಬೆರಳೆಣಿಕೆ. ಆದರೆ ‘ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ’ ಅನ್ನುವ ಮಾತನ್ನು ಆಗಲೇ ಸೋತಿರುವ ಲಿವರ್ ಇಟ್ಟುಕೊಂಡವರ ಮುಂದೆ ಆಡಬಾರದು. ಗಟ್ಟಿಮುಟ್ಟಾದವನು ತಡೆದುಕೊಳ್ಳುವ ಏಟನ್ನು ಅವರು ತಡೆದುಕೊಳ್ಳುವುದಿಲ್ಲ.

ಕೀರ್ತಿ ಯಾರಿಗೆ?

ಇಷ್ಟೆಲ್ಲಾ ಇದ್ದೂ ಲಕ್ಷಾಂತರ ಜನ ‘ನನಗೆ ಕೆಲಸ ಮಾಡಿದೆ’ ಅಂತ ಯಾಕೆ ಹೇಳುತ್ತಾರೆ? ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಭಾವನ ಎರಡು ರಿಪೋರ್ಟುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊದಲನೆಯದರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ, ಜಿಜಿಟಿ (ಇದೂ ಲಿವರಿನ ಎಂಜೈಮೇ) ಮೂರಕ್ಕೂ ಪಕ್ಕದಲ್ಲಿ ಕಪ್ಪು ಅಕ್ಷರದ ‘ಹೈ’. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅದು ಕುಡಿತದ ಸಹಿ ಇದ್ದ ಹಾಗೆ, ಡಾಕ್ಟರು ಕೇಳದೆಯೂ ಹೇಳುತ್ತಾರೆ. ಆರು ವಾರದ ನಂತರದ ಎರಡನೇ ರಿಪೋರ್ಟಿನಲ್ಲಿ ಮೂರೂ ಇಳಿದಿದ್ದವು. ‘ನೋಡು, ಸಿರಪ್ಪು ಹೇಗೆ ಕೆಲಸ ಮಾಡಿದೆ’ ಅಂದರು ಭಾವ.

ಅಕ್ಕ ಪಕ್ಕದಲ್ಲೇ ಇದ್ದಳು. ‘ಈ ಆರು ವಾರ ಇವರು ಹೆದರಿಕೊಂಡು ಒಂದು ತೊಟ್ಟೂ ಮುಟ್ಟಿರಲಿಲ್ಲ, ಅದನ್ನ ಯಾಕೆ ಹೇಳಲ್ಲ?’ ಅಂದಳು.

ಇಲ್ಲಿದೆ ನೋಡಿ ಗಂಟು. ಕುಡಿತ ನಿಲ್ಲಿಸಿದರೆ ಬರೀ ಕೊಬ್ಬು ತುಂಬಿದ ಲಿವರ್ ಎರಡರಿಂದ ಆರು ವಾರದಲ್ಲಿ ತಾನಾಗಿ ತಿಳಿಯಾಗುತ್ತದೆ. ಏರಿದ ಜಿಜಿಟಿ ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಲಿವರಿನಷ್ಟು ಚೆನ್ನಾಗಿ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಅಂಗ ಮೈಯಲ್ಲಿ ಇನ್ನೊಂದಿಲ್ಲ. ಆದರೆ ಆ ಆರು ವಾರದಲ್ಲಿ ಭಾವ ಎರಡು ಕೆಲಸ ಒಟ್ಟಿಗೆ ಮಾಡಿದ್ದರು, ಎಣ್ಣೆ ಬಿಟ್ಟದ್ದು ಮತ್ತು ಸಿರಪ್ಪು ಕುಡಿದದ್ದು. ಕೀರ್ತಿ ಹೋಗಿದ್ದು ಕುಡಿದದ್ದಕ್ಕೆ. ಸಿರಪ್ಪಿನ ಧೈರ್ಯದ ಮೇಲೆ ಏಳನೇ ವಾರದಿಂದ ಕ್ವಾರ್ಟರ್ ವಾಪಸ್ ಬಂತು.

ಇದನ್ನು ನಮ್ಮ ಅಜ್ಜಿಯ ಕಾಲದ ಕಾಮಾಲೆ ಔಷಧಿಯ ಜೊತೆ ಇಟ್ಟು ನೋಡಿ. ನನಗೆ ಎಂಟನೇ ಕ್ಲಾಸಿನಲ್ಲಿ ಕಾಮಾಲೆ ಬಂದಾಗ ಅಜ್ಜಿ ಬೇಲಿ ಪಕ್ಕದಿಂದ ನೆಲನೆಲ್ಲಿ ಬೇರು ಸಮೇತ ಕಿತ್ತು, ಒರಳಲ್ಲಿ ಅರೆದು, ಮಜ್ಜಿಗೆಗೆ ಕದಡಿ ಖಾಲಿ ಹೊಟ್ಟೆಗೆ ಕುಡಿಸಿದ್ದಳು. ಆ ಹಸಿರು ನೊರೆಯ ಕಹಿ ಈಗಲೂ ನಾಲಿಗೆ ಬುಡದಲ್ಲಿದೆ. ಮೂರು ದಿನದ ಔಷಧಿಗೆ ಒಂದೂವರೆ ತಿಂಗಳ ಪಥ್ಯ. ಉಪ್ಪಿಲ್ಲ, ಕರಿದದ್ದಿಲ್ಲ, ಬಿಸಿಲಲ್ಲಿ ಆಡುವಂತಿಲ್ಲ. ಔಷಧಿ ಕೊಡುವ ಮನೆಗಳಲ್ಲಿ ದೊಡ್ಡವರಿಗೆ ಮೊದಲ ಷರತ್ತೇ ‘ಎಣ್ಣೆ ಬಿಡಬೇಕು’. ಎರಡೂ ಅರ್ಥದಲ್ಲಿ. ಷರತ್ತು ಮುರಿದರೆ ಔಷಧಿ ತಿರುಗಿ ಹೊಡೆಯುತ್ತದೆ ಅಂತ ಹೆದರಿಸುತ್ತಿದ್ದರು. ಮಕ್ಕಳಿಗೆ ಬರುವ ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ಆ ಒಂದೂವರೆ ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರ ಲಿವರಿಗೆ ಆ ಒಂದೂವರೆ ತಿಂಗಳು ರಜೆ ಸಿಗುತ್ತಿತ್ತು. ನೆಲನೆಲ್ಲಿ ಏನು ಮಾಡಿತೋ ಬಿಟ್ಟಿತೋ, ಆ ಷರತ್ತು ಕೆಲಸ ಮಾಡಿತು.

ಕಂಪನಿಗಳು ಗಿಡವನ್ನು ತಗೊಂಡು ಷರತ್ತನ್ನು ಬಿಟ್ಟವು. ಬಾಟಲಿಯಲ್ಲಿ ತುಂಬಿ ಮಾರಲು ಬರುವುದು ಗಿಡ ಮಾತ್ರ ತಾನೇ. ಮುಂಚಿನ ಔಷಧಿ ಕುಡಿತ ನಿಲ್ಲಿಸುವ ನೆಪವಾಗಿತ್ತು, ಈಗಿನದು ಮುಂದುವರಿಸುವ ಪರವಾನಗಿ.

ಹಳೇ ಪಥ್ಯ ಎಲ್ಲಾ ಸರಿ ಅಂತ ನಾನು ಹೇಳುತ್ತಿಲ್ಲ. ಬರೀ ಗಂಜಿ, ಬೇಳೆ ಬೇಡ, ಮೊಟ್ಟೆ ಬೇಡ ಅನ್ನುವ ಭಾಗ ಕುಡಿತದಿಂದ ಲಿವರ್ ಕೆಟ್ಟವರಿಗೆ ಅಪಾಯ. ಅವರ ಮೈ ಆಗಲೇ ಸೊರಗಿರುತ್ತದೆ, ತೋಳು ತೊಡೆಯ ಮಾಂಸ ಕರಗಿರುತ್ತದೆ. ಅವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತ ಈಗಿನ ವೈದ್ಯರು ಹೇಳುತ್ತಾರೆ. ರಾತ್ರಿ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಿ, ಹೊಟ್ಟೆ ಖಾಲಿ ಬಿಡಬೇಡಿ ಅಂತಲೂ ಹೇಳುತ್ತಾರೆ.

ಎರಡು ಗಿಡಗಳ ಕಥೆ ಬೇರೆ

ಕುಡಿದ ಮರುದಿನದ ತಲೆನೋವಿಗೆ ಅಂತ ಆನ್‌ಲೈನ್‌ನಲ್ಲಿ ಮಾರುವ ಹ್ಯಾಂಗೋವರ್ ಮಾತ್ರೆಗಳನ್ನು ಬೇಗ ದಾಟಿಬಿಡೋಣ. ಲಂಡನ್ನಿನ ತಂಡವೊಂದು 2022ರಲ್ಲಿ ಇಂಥ 21 ಪರೀಕ್ಷೆಗಳನ್ನು ಜಾಲಾಡಿತು. ಎಲ್ಲಾ ಸೇರಿ 400 ಜನರೂ ಇಲ್ಲ, ಒಂದು ಮದ್ದನ್ನು ಎರಡು ಕಡೆ ಪರೀಕ್ಷಿಸಿದ್ದೂ ಇಲ್ಲ. ತಲೆನೋವು ಹೋದರೆ ಲಿವರ್ ಉಳಿಯಿತು ಅಂತಲೂ ಅಲ್ಲ.

ಕುಡ್ಜು ಅನ್ನುವ ಪೂರ್ವ ಏಷ್ಯಾದ ಬಳ್ಳಿ ಮಾತ್ರ ನನಗೆ ಆಸಕ್ತಿ ಹುಟ್ಟಿಸುತ್ತದೆ. ಅದು ಲಿವರ್ ಕಾಯುತ್ತೇನೆ ಅನ್ನುವುದಿಲ್ಲ. 2005ರಲ್ಲಿ ಅಮೆರಿಕದಲ್ಲಿ ಜಾಸ್ತಿ ಕುಡಿಯುವ 14 ಜನಕ್ಕೆ ಒಂದು ವಾರ ಅದರ ಬೇರಿನ ಸಾರ ಕೊಟ್ಟು, ಬಿಯರ್ ತುಂಬಿದ ಫ್ರಿಜ್ ಪಕ್ಕ ಕೂರಿಸಿದರು. ಅವರು ಕುಡಿದ ಬಿಯರ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಹದಿನಾಲ್ಕೇ ಜನ, ಇದರ ಮೇಲೆ ಮನೆ ಕಟ್ಟುವಂತಿಲ್ಲ. ಆದರೂ ದಿಕ್ಕು ಸರಿಯಾಗಿದೆ ಅನ್ನಿಸುತ್ತದೆ. ಗಿಡದಿಂದ ಬದು ಹಾಕುವ ಬದಲು ನೀರನ್ನೇ ಕಡಿಮೆ ಮಾಡುವ ಯೋಚನೆ ಅದು. ಇದೇ ದಾರಿಯಲ್ಲಿ ಬ್ಯಾಕ್ಲೋಫೆನ್ ಅನ್ನುವ ಮಾಮೂಲಿ ಮಾತ್ರೆ ಸಿರೋಸಿಸ್ ಬಂದವರಲ್ಲೂ ಕುಡಿತ ಬಿಡಲು ನೆರವಾಗುತ್ತದೆ ಅಂತ 2007ರಲ್ಲಿ ಇಟಲಿಯ ಪರೀಕ್ಷೆ ತೋರಿಸಿದೆ.

ಇನ್ನೊಂದು ಗಿಡ ನಮ್ಮದೇ ಅನ್ನಬಹುದು. ದೇಶದ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1,25,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ನಾಲ್ಕು ಕಪ್ ಅಥವಾ ಜಾಸ್ತಿ ಕಾಫಿ ಕುಡಿಯುವವರಲ್ಲಿ ಕುಡಿತದ ಸಿರೋಸಿಸ್ ಅಪಾಯ ಶೇ. 80ರಷ್ಟು ಕಡಿಮೆ ಇತ್ತು. ಟೀ ಕುಡಿಯುವವರಲ್ಲಿ ಆ ಲಾಭ ಕಾಣಲಿಲ್ಲ. ಸಿಲಿಮರಿನ್ ಕಂಪನಿಗೆ ಇಂಥ ಅಂಕಿ ಸಿಕ್ಕಿದ್ದರೆ ಊರೆಲ್ಲಾ ಬೋರ್ಡು ಹಾಕಿಸುತ್ತಿದ್ದರು. ಆದರೆ ಇದು ಮಾಡಿ ನೋಡಿದ ಪರೀಕ್ಷೆಯಲ್ಲ, ದೂರದಿಂದ ನೋಡಿದ್ದು. ಲಿವರ್ ಕೆಡುತ್ತಾ ಬಂದವರಿಗೆ ಕಾಫಿಯೇ ಬೇಡವಾಗಿರಬಹುದು. ಅವರ ಕಪ್ಪಿನ ಅಳತೆ ನಮ್ಮ ಹೋಟೆಲಿನ ಬೈ-ಟೂ ಲೋಟದ ಅಳತೆಯೂ ಅಲ್ಲ. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಆರು ಸಲ ಕುಡಿದು ಲಿವರ್ ಕಾಯುತ್ತಿದ್ದೇನೆ ಅಂದರೆ ಫ್ಯಾಟಿ ಲಿವರ್ ಇನ್ನೊಂದು ಬಾಗಿಲಿನಿಂದ ಬರುತ್ತದೆ.

ಚೀಲ ಖಾಲಿ ಮಾಡಿದ ದಿನ

ಕೇಂದ್ರ ಸರ್ಕಾರದ ಪರವಾಗಿ ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ 5.7 ಕೋಟಿ ಜನಕ್ಕೆ ಕುಡಿತದ ಸಮಸ್ಯೆಗೆ ನೆರವು ಬೇಕು. ಲಿವರ್ ಟಾನಿಕ್ಕಿನ ಮಾರುಕಟ್ಟೆ ಇಷ್ಟು ದೊಡ್ಡದಾಗಿದ್ದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ನೆರವು ಕೇಳಲು ನಾಚಿಕೆ, ಟಾನಿಕ್ ಕೇಳಲು ನಾಚಿಕೆಯಿಲ್ಲ.

ಭಾವನಿಗೆ ಕಳೆದ ವರ್ಷ ಕಾಲು ಊದಿಕೊಂಡಿತು. ಹೊಟ್ಟೆ ಉಬ್ಬಿ ಪ್ಯಾಂಟಿನ ಗುಂಡಿ ಹಾಕಲು ಆಗಲಿಲ್ಲ. ಲಿವರ್ ಡಾಕ್ಟರ ಹತ್ತಿರ ಹೋಗುವಾಗ, ಮನೆಯಲ್ಲಿರುವ ಔಷಧಿ ಎಲ್ಲಾ ತನ್ನಿ ಅಂತ ಮೊದಲೇ ಹೇಳಿದ್ದರು. ಅಕ್ಕ ಬಟ್ಟೆಯ ಕೈಚೀಲದಲ್ಲಿ ತಂದಿದ್ದಳು. ಡಾಕ್ಟರು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ಸಿರಪ್ಪಿನ ಎರಡು ಬಾಟಲಿ. ಸಿಲಿಮರಿನ್ ಸ್ಟ್ರಿಪ್. ಅರಿಶಿನ-ಮೆಣಸಿನ ಕ್ಯಾಪ್ಸೂಲ್, ಅದು ಅಮೆರಿಕದಲ್ಲಿರುವ ಮಗಳು ಕಳಿಸಿದ್ದು. ಪಕ್ಕದ ಮನೆಯವರು ಕೊಟ್ಟ ಅಮೃತಬಳ್ಳಿ ಪುಡಿ. ಕೊನೆಗೆ ಹೆಸರಿಲ್ಲ, ಲೇಬಲ್ಲಿಲ್ಲದ ಒಂದು ಕಪ್ಪು ಪುಡಿಯ ಪೊಟ್ಟಣ.

‘ಇದು ಯಾರು ಕೊಟ್ಟಿದ್ದು?’

‘ಒಬ್ಬರು ಹೇಳಿದ್ರು ಸರ್, ಬಸ್ ಸ್ಟ್ಯಾಂಡ್ ಹತ್ರ ಒಬ್ಬರು ಕೊಡ್ತಾರೆ ಅಂತ.’

‘ಕುಡಿಯೋದು ಎಷ್ಟು?’

‘ಜಾಸ್ತಿ ಏನಿಲ್ಲ ಸರ್…’

ಅಕ್ಕ ಅಷ್ಟರಲ್ಲೇ ‘ಕ್ವಾರ್ಟರ್, ದಿನಾ’ ಅಂದಳು.

ಡಾಕ್ಟರು ಬೈಯಲಿಲ್ಲ. ಇವತ್ತೇ ರಾತ್ರಿ ಹಠ ಹಿಡಿದು ಒಮ್ಮೆಗೇ ಬಿಡಬೇಡಿ ಅಂದದ್ದು ನನಗೆ ಆಶ್ಚರ್ಯ ಅನ್ನಿಸಿತು. ವರ್ಷಗಟ್ಟಲೆ ದಿನಾ ಕುಡಿದವರು ಗಕ್ಕನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಕೆಲವರ ಜೀವಕ್ಕೇ ಅಪಾಯ. ಅದಕ್ಕೆ ನಾಲ್ಕೈದು ದಿನ ಅಡ್ಮಿಟ್ ಮಾಡಿಕೊಂಡೇ ಬಿಡಿಸೋಣ ಅಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ, ದೂರದವರು ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು ಅಂತಲೂ ಅಕ್ಕನಿಗೆ ಬರೆದುಕೊಟ್ಟರು.

ಹೊರಡುವಾಗ ಅಕ್ಕ ಮೇಜಿನ ಮೇಲಿದ್ದದ್ದನ್ನೆಲ್ಲಾ ಮತ್ತೆ ಚೀಲಕ್ಕೆ ತುಂಬಲು ಹೋದಳು. ಡಾಕ್ಟರು ‘ಅದೆಲ್ಲಾ ಇಲ್ಲೇ ಇರಲಿ’ ಅಂದರು. ಕಪ್ಪು ಪುಡಿಯ ಪೊಟ್ಟಣವನ್ನು ಮಾತ್ರ ಬೇರೆ ಕವರಿಗೆ ಹಾಕಿ, ಮೇಲೆ ಭಾವನ ಹೆಸರು ತಾರೀಕು ಬರೆದು, ಡ್ರಾಯರ್ ಒಳಗೆ ಇಟ್ಟುಕೊಂಡರು.